ಪಕ್ಷದ ಕೆಲಸವೆಲ್ಲ ಮೊಬೈಲ್ ಆಪ್‌ಗೆ ಬಂದ ಮೇಲೆ ಸದಸ್ಯರ ಮಾತು ಕಡಿಮೆಯಾಗಿದೆಯೇ?

ಪ್ರಶ್ನೆ:
ನಾನು ಒಂದು ಪಕ್ಷದ ಸ್ಥಳೀಯ ಘಟಕದ ಕಾರ್ಯದರ್ಶಿ. ಎರಡು ವರ್ಷಗಳಿಂದ ನಮ್ಮಲ್ಲಿ ಸದಸ್ಯತ್ವ ನೋಂದಣಿ, ಸಭೆಯ ಸೂಚನೆ, ನಿರ್ಣಯಗಳ ಮೇಲಿನ ಮತದಾನ ಎಲ್ಲವೂ ಆಪ್ ಮೂಲಕವೇ ನಡೆಯುತ್ತಿವೆ. ಸದಸ್ಯರ ಸಂಖ್ಯೆ ಏರಿದೆ, ಚರ್ಚೆ ಮಾತ್ರ ಸೊರಗಿದೆ. ಮೂವತ್ತು ವರ್ಷ ಸದಸ್ಯರ ಪುಸ್ತಕವನ್ನು ಕೈಯಾರೆ ಬರೆದಿಟ್ಟ ಹಿರಿಯರೊಬ್ಬರು ಕಳೆದ ತಿಂಗಳು ಮತದಾನದ ದಿನ ತಮ್ಮ ಫೋನನ್ನು ನನ್ನ ಕೈಗಿತ್ತು, “ಯಾವುದನ್ನು ಒತ್ತಬೇಕೋ ನೀವೇ ಒತ್ತಿಬಿಡಿ” ಎಂದರು. ನಾನು ಒತ್ತಲಿಲ್ಲ, ಆದರೆ ಆ ಮಾತು ಇನ್ನೂ ಮನಸ್ಸನ್ನು ಕೊರೆಯುತ್ತಿದೆ. ಬೇರೆಡೆಯ ಪಕ್ಷಗಳು ಇದನ್ನು ಹೇಗೆ ನಿಭಾಯಿಸಿವೆ?

ಉತ್ತರ 1:
ಜರ್ಮನಿಯ ಪೈರೇಟ್ ಪಕ್ಷದ ಅನುಭವವನ್ನು ತಾವು ಗಮನಿಸಬೇಕು. ಅವರು ಬಳಸಿದ ಲಿಕ್ವಿಡ್‌ಫೀಡ್‌ಬ್ಯಾಕ್ ಎಂಬ ತಂತ್ರಾಂಶದಲ್ಲಿ ಯಾವ ಸದಸ್ಯರು ಬೇಕಾದರೂ ಪ್ರಸ್ತಾವ ಮಂಡಿಸಬಹುದಿತ್ತು, ತಿದ್ದುಪಡಿ ಸೂಚಿಸಬಹುದಿತ್ತು, ತಮಗೆ ಹಿಡಿತವಿಲ್ಲದ ವಿಷಯದಲ್ಲಿ ತಾವು ನಂಬುವ ಇನ್ನೊಬ್ಬ ಸದಸ್ಯರಿಗೆ ಮತವನ್ನು ವಹಿಸಿಕೊಟ್ಟು, ಬೇಕೆಂದಾಗ ಹಿಂಪಡೆಯಲೂಬಹುದಿತ್ತು. 2011ರಲ್ಲಿ ಆ ಪಕ್ಷ ಬರ್ಲಿನ್ ರಾಜ್ಯದ ಶಾಸನಸಭೆಯ ಚುನಾವಣೆಯಲ್ಲಿ ಶೇ 8.9ರಷ್ಟು ಮತ ಪಡೆದು 15 ಸ್ಥಾನ ಗೆದ್ದಿತು. ಆದರೆ ಸದಸ್ಯರು ನಿಜ ಹೆಸರಿನಲ್ಲೇ ಮತ ಹಾಕಬೇಕೇ ಎಂಬ ವಿವಾದ ಅವರನ್ನು ಬಿಡಲಿಲ್ಲ. ಹೆಸರು ಮುಚ್ಚಿಟ್ಟರೆ ಎಣಿಕೆ ಸರಿಯೇ ಎಂದು ಸದಸ್ಯರು ತಾವಾಗಿ ಪರಿಶೀಲಿಸಲಾಗದು. ತೆರೆದಿಟ್ಟರೆ ಪ್ರತಿಯೊಬ್ಬರ ರಾಜಕೀಯ ಅಭಿಪ್ರಾಯವೂ ಅಳಿಸಲಾಗದ ದಾಖಲೆಯಾಗಿ ಉಳಿಯುತ್ತದೆ. ಹಿರಿಯರು ತಮ್ಮ ಕೈಗೆ ಫೋನು ಕೊಟ್ಟದ್ದೂ ಮತವನ್ನು ವಹಿಸಿಕೊಟ್ಟಂತೆಯೇ, ಆದರೆ ಅದಕ್ಕೆ ನಿಯಮವೂ ಇಲ್ಲ, ಹಿಂಪಡೆಯುವ ದಾರಿಯೂ ಇಲ್ಲ.

ಉತ್ತರ 2:
ನನಗೆ ಹೆಚ್ಚು ಕಳವಳ ತರುವುದು ಸದಸ್ಯರ ಪಟ್ಟಿ ಯಾರ ವಶದಲ್ಲಿದೆ ಎಂಬ ಪ್ರಶ್ನೆ. ಇಟಲಿಯ ಫೈವ್ ಸ್ಟಾರ್ ಮೂವ್‌ಮೆಂಟ್ ಎಂಬ ಪಕ್ಷ 2016ರಿಂದ ರೂಸೋ ಎಂಬ ಆನ್‌ಲೈನ್ ವೇದಿಕೆಯಲ್ಲಿ ಸದಸ್ಯರ ಮತ ಪಡೆಯುತ್ತಿತ್ತು. 2019ರಲ್ಲಿ ಡೆಮಾಕ್ರಟಿಕ್ ಪಕ್ಷದೊಡನೆ ಸರ್ಕಾರ ರಚಿಸಲು ಶೇ 79ರಷ್ಟು ಸದಸ್ಯರು ಒಪ್ಪಿದ್ದೂ ಅಲ್ಲಿಯೇ. ಅದೇ ವರ್ಷ ಮತದ ಗೋಪ್ಯತೆಗೆ ಸಾಕಷ್ಟು ರಕ್ಷಣೆಯಿಲ್ಲವೆಂದು ಅಲ್ಲಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ ವೇದಿಕೆ ನಡೆಸುತ್ತಿದ್ದ ಸಂಸ್ಥೆಗೆ 50,000 ಯೂರೋ ದಂಡ ವಿಧಿಸಿತು. 2021ರಲ್ಲಿ ಪಕ್ಷಕ್ಕೂ ಆ ಸಂಸ್ಥೆಗೂ ಸಂಬಂಧ ಮುರಿದಾಗ, ಪಕ್ಷವು ತನ್ನದೇ ಸದಸ್ಯರ ವಿವರಗಳಿಗಾಗಿ ಆ ಪ್ರಾಧಿಕಾರದ ಆದೇಶಕ್ಕೆ ಕಾಯಬೇಕಾಯಿತು. ತಮ್ಮ ಘಟಕದ ಪಟ್ಟಿ ಇಂದು ಎಲ್ಲಿದೆ, ಅದನ್ನು ಯಾರು ತಿದ್ದಬಲ್ಲರು ಎಂದು ದಯವಿಟ್ಟು ಮೊದಲು ವಿಚಾರಿಸಿ.

ಉತ್ತರ 3:
ಎಲ್ಲವನ್ನೂ ಆಪ್‌ನಲ್ಲೇ ಮುಗಿಸಬೇಕೆಂಬ ಕಡ್ಡಾಯವೂ ಇಲ್ಲ. 2021ರ ಜನವರಿಯಲ್ಲಿ ಜರ್ಮನಿಯ ಸಿಡಿಯು (ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್) ಪಕ್ಷ ತನ್ನ ಅಧ್ಯಕ್ಷರನ್ನು ಆನ್‌ಲೈನ್ ಸಮಾವೇಶದಲ್ಲಿ ಆರಿಸಿ, ಕಾನೂನಿನ ಅಗತ್ಯದಂತೆ ಅದನ್ನು ಅಂಚೆ ಮತದಿಂದ ದೃಢಪಡಿಸಿಕೊಂಡಿತು. ತಾವೂ ಮುಖಾಮುಖಿ ಚರ್ಚೆ ನಡೆಸಿ, ಒಂದು ವಾರ ಬಿಟ್ಟು ಮತಕ್ಕೆ ಹಾಕಿ. ಕಾಗದದ ಮತಪತ್ರವನ್ನೂ ಉಳಿಸಿಕೊಳ್ಳಿ. ಮತಕ್ಕೆ ಹಾಕುವ ಪ್ರಶ್ನೆಯ ಒಕ್ಕಣೆಯನ್ನು ಪಕ್ಷದ ಮೇಲಿನವರು ಮಾತ್ರ ಬರೆಯುವವರೆಗೆ ಉಳಿದವರ ಪಾಲಿಗೆ ಬರುವುದು ಹೌದು ಅಥವಾ ಇಲ್ಲ ಎಂಬ ಎರಡು ಗುಂಡಿಗಳಷ್ಟೇ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಇಂದು ವಿಚಾರಿಸಿದೆ: ಪಟ್ಟಿಯನ್ನು ನೋಡಲು ನಮಗೆ ಅವಕಾಶವಿದೆ, ಇಳಿಸಿಕೊಳ್ಳಲು ಇಲ್ಲ. ಆ ಹಿರಿಯರಿಗೆ ಇದನ್ನು ತಿಳಿಸಿದಾಗ, ಹಳೆಯ ಪುಸ್ತಕ ತಮ್ಮ ಮನೆಯಲ್ಲೇ ಇದೆ, ಮುಂದಿನ ಸಭೆಗೆ ತರುತ್ತೇನೆ ಎಂದರು.