ಇಗ್ವಾನಾದ ಗೂಡಿನ ದೀಪ ಪರೀಕ್ಷಿಸಲು ಯಾವ ಯುವಿ ಮೀಟರ್ ಕೊಳ್ಳಬೇಕು?

ಪ್ರಶ್ನೆ (ಕೋಥ್ರೂಡ್, ಪುಣೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಹಸಿರು ಇಗ್ವಾನಾ (ದೊಡ್ಡ ಜಾತಿಯ ಹಲ್ಲಿ) ಒಂದಿದೆ. ಊರು ಬಿಟ್ಟು ಹೊರಟ ಪರಿಚಯದವರಿಂದ ಬಂದದ್ದು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿಯನ್ನೂ ಮಾಡಿಸಿದ್ದೇವೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಬಾಲ್ಕನಿಯ ಬಿಸಿಲಿಗೆ ಬಿಡುತ್ತೇವೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ಮೇಲೆ ಗೂಡಿನ ದೀಪವೇ ಅದರ ಪಾಲಿನ ಸೂರ್ಯ. ಕಳೆದ ಮಳೆಗಾಲದ ಕೊನೆಯಲ್ಲಿ ಅದರ ಕಾಲ್ಬೆರಳುಗಳು ನಡುಗತೊಡಗಿದವು. ಎಕ್ಸ್‌ರೇ ತೆಗೆಸಿದ ಪಶುವೈದ್ಯರು ಮೂಳೆ ತೆಳುವಾಗಿದೆ ಎಂದರು, ಔಷಧ ಕೊಟ್ಟರು, ಜೊತೆಗೆ ದೀಪವನ್ನು ಅಳೆದು ನೋಡಿ ಎಂದೂ ಹೇಳಿದರು. ನೇರಳಾತೀತ (ಯುವಿ) ಕಿರಣ ಕೊಡುವ ಟಿ5 ಟ್ಯೂಬ್ ದೀಪ ಹಾಕಿ ಹದಿನಾಲ್ಕು ತಿಂಗಳಾಗಿದೆ. ಕಣ್ಣಿಗೆ ಮೊದಲ ದಿನದಷ್ಟೇ ಬೆಳಗುತ್ತದೆ.

ಇಲ್ಲಿನ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆಯಾದ ತಪಕೀರ್ ಗಲ್ಲಿಯಲ್ಲಿ ವಿಚಾರಿಸಿದಾಗ ಒಂದು ಅಂಗಡಿಯವರು 290ರಿಂದ 390 ನ್ಯಾನೋಮೀಟರ್‌ವರೆಗಿನ ತರಂಗಾಂತರದ ಯುವಿ ಕಿರಣಗಳನ್ನು ಅಳೆಯುವ ಮೀಟರ್ ತೋರಿಸಿದರು. ಹೊರದೇಶದಿಂದ ತರಿಸಬೇಕಾದ ಸೋಲಾರ್‌ಮೀಟರ್ 6.2 ಮತ್ತು 6.5 ಎಂಬ ಎರಡು ಮಾದರಿಗಳ ಹೆಸರನ್ನೂ ಕೇಳಿದ್ದೇನೆ, ಆದರೆ ಅವು ದುಬಾರಿ. ಕಡಿಮೆ ಬೆಲೆಯದರಲ್ಲೇ ಕೆಲಸ ಆಗುವುದಾದರೆ ಹೆಚ್ಚು ಹಣ ಸುರಿಯುವ ಮನಸ್ಸಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಡೊಂಬಿವಲಿ)

ಆ ಅಂಗಡಿಯ ಮೀಟರ್ ಬೇಡ. ಅದೇ ಜಾತಿಯದೊಂದನ್ನು ಕೊಂಡು ನಾನು ಒಂದು ವರ್ಷ ಮೋಸ ಹೋಗಿದ್ದೇನೆ. ದೀಪದ ಕೆಳಗೆ ಹಿಡಿದಾಗಲೆಲ್ಲ ಅಂಕಿ ಭರ್ಜರಿಯಾಗಿ ಬರುತ್ತಿದ್ದುದರಿಂದ ನನ್ನ ಆಮೆಗೆ ಏನೂ ಕೊರತೆಯಿಲ್ಲವೆಂದು ನೆಮ್ಮದಿಯಾಗಿದ್ದೆ. ಒಂದು ಮಧ್ಯಾಹ್ನ ಸುಮ್ಮನೆ ಕುತೂಹಲಕ್ಕೆ ಮುಚ್ಚಿದ ಕಿಟಕಿಯ ಒಳಗಿನಿಂದ ಬಿಸಿಲಿಗೆ ಹಿಡಿದೆ. ಆಗಲೂ ಅಂಕಿ ಸೊಗಸಾಗಿಯೇ ಬಂತು. ಕಿಟಕಿಯ ಸಾಮಾನ್ಯ ಗಾಜು ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಡೆಯುತ್ತದೆ, ಯುವಿ-ಎ ಮಾತ್ರ ಬಹುಪಾಲು ಒಳಗೆ ಬರುತ್ತದೆ. ಅಂದರೆ ನಾನು ಅಷ್ಟು ದಿನ ಅಳೆದದ್ದು ಬಹುತೇಕ ಯುವಿ-ಎ; ಮೂಳೆಗೆ ಬೇಕಾದ ಡಿ3 ಜೀವಸತ್ವ ಮಾಡಿಸುವ ಯುವಿ-ಬಿ ಅಲ್ಲ. ಪೆಟ್ಟಿಗೆಯ ಮೇಲಿನ ಮಾತನ್ನು ದೀಪ ಸಮರ್ಥಿಸುವುದು, ದೀಪವನ್ನು ಮೀಟರ್ ಸಮರ್ಥಿಸುವುದು, ಒಟ್ಟಿನಲ್ಲಿ ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂಬಂತಾಗಿತ್ತು.

ನೀವು ಯಾವ ಮೀಟರ್ ಕೊಳ್ಳುವುದಿದ್ದರೂ ಅಂಗಡಿಯಲ್ಲೇ ಈ ಪರೀಕ್ಷೆ ಮಾಡಿ: ಮೀಟರಿಗೂ ಬಿಸಿಲಿಗೂ ನಡುವೆ ಒಂದು ಗಾಜಿನ ತುಂಡನ್ನು ಅಡ್ಡ ಹಿಡಿದಾಗ ಅಂಕಿ ಸೊನ್ನೆಯ ಹತ್ತಿರಕ್ಕೆ ಇಳಿಯದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಉತ್ತರ 2 (ಮಾಟುಂಗಾ, ಮುಂಬಯಿ)

ಡೊಂಬಿವಲಿಯವರ ಮಾತಿಗೆ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ 6.2 ಮತ್ತು 6.5ರ ನಡುವಿನ ಆಯ್ಕೆಯೂ ಅದೇ ಕಾರಣದ ಮೇಲೆ ನಿಂತಿದೆ.

ಚರ್ಮದಲ್ಲಿ ಡಿ3 ಜೀವಸತ್ವದ ತಯಾರಿಗೆ ಎಲ್ಲ ನೇರಳಾತೀತ ಕಿರಣಗಳೂ ಸಮನಾಗಿ ಒದಗುವುದಿಲ್ಲ. 295 ನ್ಯಾನೋಮೀಟರ್‌ನ ಆಸುಪಾಸಿನ ಕಿರಣಗಳು ಅತಿ ಹೆಚ್ಚು ಕೆಲಸ ಮಾಡುತ್ತವೆ. 315 ದಾಟುವ ಹೊತ್ತಿಗೆ ಪರಿಣಾಮ ನಗಣ್ಯ. 6.2 ಮಾದರಿ 280ರಿಂದ 320ರವರೆಗಿನ ಯುವಿ-ಬಿಯನ್ನು ಒಟ್ಟಾಗಿ, ಚದರ ಸೆಂಟಿಮೀಟರಿಗೆ ಇಷ್ಟು ಮೈಕ್ರೋವ್ಯಾಟ್ ಎಂದು ತೋರಿಸುತ್ತದೆ. ಆ ಮೊತ್ತದಲ್ಲಿ ಕೆಲಸಕ್ಕೆ ಬರುವ ಕಿರಣವೆಷ್ಟು, ಬರಿದೇ ಲೆಕ್ಕಕ್ಕೆ ಸೇರಿದ್ದೆಷ್ಟು ಎಂಬುದು ದೀಪದಿಂದ ದೀಪಕ್ಕೆ ಬದಲಾಗುವುದರಿಂದ, ಟ್ಯೂಬಿನ ಕೆಳಗಿನ ನೂರಕ್ಕೂ ಬಿಸಿಲಿನ ನೂರಕ್ಕೂ ಅರ್ಥ ಒಂದೇ ಅಲ್ಲ. 6.5 ಮಾದರಿಯಾದರೋ ಕಿರಣಗಳನ್ನು ಅವುಗಳ ಜೈವಿಕ ಪರಿಣಾಮಕ್ಕೆ ತಕ್ಕಂತೆ ತೂಗಿ ಯುವಿ ಸೂಚ್ಯಂಕವನ್ನು ಕೊಡುತ್ತದೆ. ಹವಾಮಾನದ ಆ್ಯಪ್‌ನಲ್ಲಿ ಕಾಣುವ ಸೂಚ್ಯಂಕವೂ ಅದೇ. ಆದ್ದರಿಂದ ಬೇರೆ ಬೇರೆ ದೀಪಗಳನ್ನೂ ಬಿಸಿಲನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಬಹುದು. 6.5ಆರ್ ಎಂಬುದು ಸರೀಸೃಪ ಸಾಕುವವರಿಗೆಂದೇ ಬಂದ ಆವೃತ್ತಿ. 6.5, 6.5ಆರ್ ಎರಡರಲ್ಲಿ ಯಾವುದು ಸಿಕ್ಕರೂ ಸಾಕು.

ಎಷ್ಟು ಬೇಕೆಂಬ ಪ್ರಶ್ನೆಗೂ ಸೂಚ್ಯಂಕದಲ್ಲೇ ಉತ್ತರವಿದೆ. ಗ್ಯಾರಿ ಫರ್ಗುಸನ್ ಮತ್ತು ಸಂಗಡಿಗರು ಕಾಡಿನಲ್ಲಿ ಹಲ್ಲಿ ಹಾವುಗಳು ದಿನದ ವಿವಿಧ ಹೊತ್ತಿನಲ್ಲಿ ಎಷ್ಟು ಯುವಿಯಲ್ಲಿ ಇರುತ್ತವೆಂದು ಅಳೆದು 2010ರಲ್ಲಿ ನಾಲ್ಕು ವಲಯಗಳನ್ನು ಗುರುತಿಸಿದರು. ಹಸಿರು ಇಗ್ವಾನಾವನ್ನು ಮೂರನೆಯ ವಲಯದಲ್ಲಿ ಇಡುತ್ತಾರೆ. ಈ ವಲಯದ ಸರಾಸರಿ ಸೂಚ್ಯಂಕ 1.0ರಿಂದ 2.6, ಗರಿಷ್ಠ 2.9ರಿಂದ 7.4. ಗೂಡಿನಲ್ಲಿ ಮೈ ಕಾಯಿಸುವ ಜಾಗದಲ್ಲಿ ಸುಮಾರು 3ರಿಂದ 5 ಇದ್ದು, ಅಲ್ಲಿಂದ ದೂರ ಸರಿದಂತೆ ಇಳಿಯುತ್ತ ಸೊನ್ನೆಯವರೆಗೆ ಹೋಗುವ ನೆರಳೂ ಇರಬೇಕು. ನೆರಳಿಲ್ಲದ ಗೂಡಿನಲ್ಲಿ ಎಷ್ಟೇ ಒಳ್ಳೆಯ ದೀಪವಿದ್ದರೂ ಅದು ಶಿಕ್ಷೆಯೇ.

ಬೆಲೆಯ ಮಾತು: ಅಮೆರಿಕದಲ್ಲೇ 6.5 ಮಾದರಿಗೆ 200 ಡಾಲರಿಗೂ ಮೇಲಿದೆ, ಸುಂಕ ಬೇರೆ. ಒಬ್ಬರೇ ಕೊಳ್ಳುವುದಕ್ಕಿಂತ ನಾಲ್ಕೈದು ಜನ ಸೇರಿ ಒಂದನ್ನು ತರಿಸುವುದು ಜಾಣತನ. ವರ್ಷಕ್ಕೆ ಹತ್ತು ಬಾರಿ ಹೊರತೆಗೆಯುವ ಉಪಕರಣಕ್ಕೆ ಮನೆಗೊಂದು ಬೇಕಿಲ್ಲ. ಬೇರೆಯವರಿಂದ ಹಳೆಯದನ್ನು ಕೊಳ್ಳುವುದಾದರೆ ಮೋಡವಿಲ್ಲದ ಮಧ್ಯಾಹ್ನ 12:30ರ ಸುಮಾರಿಗೆ ತಾರಸಿಯ ಮೇಲೆ ಸೂರ್ಯನಿಗೆ ನೇರವಾಗಿ ಹಿಡಿದು ನೋಡಿ. ಪುಣೆಯಲ್ಲಿ ಮೇ ಮಧ್ಯದಲ್ಲಿ ಸೂರ್ಯ ನೆತ್ತಿಗೇ ಬರುತ್ತಾನೆ. ಆಗ ಸೂಚ್ಯಂಕ 10 ದಾಟಬೇಕು. 5 ಅಥವಾ 6ಕ್ಕೇ ನಿಂತರೆ ಸಂವೇದಕ ಕೆಟ್ಟಿದೆ ಎಂದು ತಿಳಿಯಿರಿ. ಅದಕ್ಕೂ ಮೊದಲು 9 ವೋಲ್ಟ್ ಬ್ಯಾಟರಿ ಹೊಸದು ಹಾಕಿ.

ಉತ್ತರ 3 (ವಾಸ್ಕೋ, ಗೋವಾ)

ಮೀಟರಿನ ವಿಷಯ ಮೇಲಿನವರು ಹೇಳಿಯಾಗಿದೆ. ಹಿಡಿಯುವ ಕ್ರಮದಲ್ಲಿ ತಪ್ಪಾದರೆ ಅದೂ ವ್ಯರ್ಥ. ದೀಪ ಹಾಕಿ ಅರ್ಧ ಗಂಟೆಯ ನಂತರವೇ ಅಳೆಯಿರಿ. ಸಂವೇದಕ ಮೀಟರಿನ ತುದಿಯಲ್ಲಿರುತ್ತದೆ; ಮೀಟರನ್ನು ಪ್ರಾಣಿ ಮೈ ಕಾಯಿಸುವ ಹಲಗೆಯ ಮೇಲೆ ನಿಲ್ಲಿಸಿದರೆ ತುದಿ ಪ್ರಾಣಿಯ ಬೆನ್ನಿಗಿಂತ ಎಷ್ಟೋ ಮೇಲಿರುವುದರಿಂದ ಅಂಕಿ ಸುಳ್ಳೇ ಹೆಚ್ಚಾಗಿ ಬರುತ್ತದೆ. ಬೆನ್ನು ಇರುವ ಎತ್ತರದಲ್ಲಿ ತುದಿ ಬರುವಂತೆ ಹಿಡಿಯಿರಿ. ಇಗ್ವಾನಾ ಹತ್ತುವ ಪ್ರಾಣಿ, ಆದ್ದರಿಂದ ಅದು ತಲುಪಬಲ್ಲ ಅತಿ ಎತ್ತರದ ಕೊಂಬೆಯಲ್ಲೂ ಒಮ್ಮೆ ನೋಡಿ. ದೀಪಕ್ಕೂ ಗೂಡಿಗೂ ನಡುವೆ ಸಣ್ಣ ಕಣ್ಣಿನ ತಂತಿ ಜಾಲರಿ ಇದ್ದರೆ ಅದೊಂದೇ ಮೂರನೆಯ ಒಂದು ಪಾಲು ಅಥವಾ ಇನ್ನೂ ಹೆಚ್ಚನ್ನು ತಿಂದುಬಿಡಬಹುದು. ನಮ್ಮಲ್ಲಿ ಕಡಲ ಗಾಳಿಗೆ ಜಾಲರಿ ತುಕ್ಕು ಹಿಡಿದು ಕಣ್ಣುಗಳೇ ಮುಚ್ಚಿಹೋಗಿದ್ದವು.

ಪ್ರಶ್ನೆ ಕೇಳಿದವರಿಂದ (ಕೋಥ್ರೂಡ್, ಪುಣೆ)

ಎಲ್ಲರಿಗೂ ಕೃತಜ್ಞತೆಗಳು. ಈಗ 6.5 ಮಾದರಿಯೊಂದನ್ನು ಇಟ್ಟುಕೊಂಡಿರುವ ಡೊಂಬಿವಲಿಯವರು ಭಾನುವಾರ ಕಲ್ಯಾಣದಲ್ಲಿ ಇಂದ್ರಾಯಣಿ ರೈಲು ಹತ್ತಿ ಮೀಟರ್ ಸಮೇತ ನಮ್ಮ ಮನೆಗೇ ಬಂದರು. ಮೊದಲು ಗಾಜಿನ ಪರೀಕ್ಷೆ: ಗಾಜು ಅಡ್ಡ ಬಂದ ಕೂಡಲೇ ಅಂಕಿ 0.0. ಆಮೇಲೆ ಹಲಗೆಯ ಮೇಲೆ, ಬೆನ್ನಿನ ಎತ್ತರದಲ್ಲಿ ಹಿಡಿದಾಗ 0.8, ಜಾಲರಿ ತೆಗೆದಾಗ 1.3. ಹದಿನಾಲ್ಕು ತಿಂಗಳ ಆ ಟ್ಯೂಬನ್ನು ಅಲ್ಲೇ ಇಳಿಸಿ, ತಂದಿಟ್ಟಿದ್ದ ಹೊಸದನ್ನು ಜಾಲರಿಯ ಒಳಬದಿಗೆ ಹಾಕಿ, ಅರ್ಧ ಗಂಟೆ ಕಾದು ಅಳೆದರೆ 4.1 ಬಂತು. ಅತಿ ಎತ್ತರದ ಕೊಂಬೆಯಲ್ಲಿ ಮಾತ್ರ 8 ದಾಟಿದ್ದರಿಂದ ಆ ಕೊಂಬೆಯನ್ನು ಕತ್ತರಿಸಿ ಒಂದು ಗೇಣು ಕೆಳಕ್ಕೆ ಇಳಿಸಿದ್ದೇವೆ.

ಮೀಟರ್ ತರಿಸುವ ಪಾಲಿಗೆ ನನ್ನ ಹೆಸರನ್ನೂ ಸೇರಿಸಿಕೊಳ್ಳಿ. ಪುಣೆಯಲ್ಲಿ ಇನ್ನಿಬ್ಬರು ಸಿಕ್ಕರೆ ಒಂದನ್ನು ಈ ಊರಲ್ಲೇ ಇಟ್ಟುಕೊಳ್ಳಬಹುದು.