ಹೆಂಡತಿಗೆ ಮೊದಲ ರಿವಾಲ್ವರ್: ಯಾವುದು ತಗೊಳ್ಳೋದು?

ತೋಟದಮನೆ_ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಶಿವಮೊಗ್ಗದಲ್ಲಿ, ವಾರಕ್ಕೊಮ್ಮೆ ಮನೆಗೆ ಹೋಗುತ್ತೇನೆ. ತೋಟ ಪೂರ್ತಿ ನೋಡಿಕೊಳ್ಳುವುದು ನನ್ನ ಹೆಂಡತಿ. ಕೊಯ್ಲು ಶುರುವಾದರೆ ಬ್ಯಾಂಕಿನಿಂದ ಬಟವಾಡೆ ದುಡ್ಡು ತರುವುದೂ ಅವಳೇ, ಅದೂ ಸ್ಕೂಟಿಯಲ್ಲಿ. ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ಮನೆ ತನಕ ಕಾಡು, ಮೊಬೈಲಿಗೆ ಸಿಗ್ನಲ್ ಇಲ್ಲ. ಹೋದ ವರ್ಷ ಬೈಕಿನಲ್ಲಿ ಇಬ್ಬರು ಹಿಂದೆ ಬಿದ್ದಿದ್ದರು. ಸ್ಟೇಷನ್ನಿಗೆ ದೂರು ಕೊಟ್ಟು, ಅವಳ ಹೆಸರಿನಲ್ಲೇ ಲೈಸೆನ್ಸಿಗೆ ಅರ್ಜಿ ಹಾಕಿದ್ದೇವೆ. ಇನ್ನೇನು ಸಿಗುವ ಹಾಗಿದೆ.

ಮನೆಯಲ್ಲಿ ಅಪ್ಪನ ಕಾಲದ ಜೋಡಿನಳಿಗೆ ಕೋವಿ ಇದೆ, ಅದು ಗೊತ್ತು. ರಿವಾಲ್ವರ್ ವಿಷಯ ಗೊತ್ತಿಲ್ಲ. ನಿರ್ಭೀಕ್ ಅನ್ನುವ ರಿವಾಲ್ವರ್ ಹೆಂಗಸರಿಗೆಂದೇ ಮಾಡಿದ್ದಂತೆ, ಬರೀ 500 ಗ್ರಾಂ ಅಂತೆ. ಅವಳಿಗೆ ಹೇಳದೆ ಅದನ್ನೇ ಬುಕ್ ಮಾಡಿಬಿಡಲಾ? ಬ್ಯಾಗಿನಲ್ಲಿ ಯಾರಿಗೂ ಕಾಣದ ಹಾಗೆ ಇರಬೇಕು.

ಮಾಜಿಫೌಜಿ_ಸಾಗರ

ಹೇಳದೆ ಬುಕ್ ಮಾಡಲಿಕ್ಕೆ ಅದೇನು ಸೀರೆಯಾ ಮಾರಾಯ್ರೆ? ಲೈಸೆನ್ಸ್ ಅವರ ಹೆಸರಿನಲ್ಲಿದ್ದರೆ ಕೊಳ್ಳಬೇಕಾದವರೂ ಅವರೇ, ಇಟ್ಟುಕೊಳ್ಳಬೇಕಾದವರೂ ಅವರೇ. ಗಂಡ ಅಂತ ನೀವು ಆ ಬ್ಯಾಗ್ ಹಿಡಿದು ಪೇಟೆ ಸುತ್ತಿದರೆ ನಿಮ್ಮ ಮೇಲೆ ಕೇಸು.

9 ಎಂಎಂ ಅಂತ ವಿಡಿಯೋ ನೋಡಿ ಆಸೆಪಡಬೇಡಿ. ಅದು ನಿಷೇಧಿತ ಬೋರ್, ಅಂದರೆ ಆ ಅಳತೆಯ ನಳಿಗೆ ನಮ್ಮಂಥವರಿಗೆ ಕೊಡುವುದಿಲ್ಲ. ನಮಗೆ ಹೆಚ್ಚಾಗಿ ಸಿಗುವುದು .32, ಇಲ್ಲವಾದರೆ .22. ತೋಟದ ಕೋವಿಗೂ ಇದಕ್ಕೂ ಸಂಬಂಧ ಇಲ್ಲ. ಬೆಳೆ ಕಾಯಲು ರಿವಾಲ್ವರ್ ಕೊಡುವುದಿಲ್ಲ, ಜೀವಕ್ಕೆ ಅಪಾಯ ಇದೆ ಅಂತ ಡಿಸಿಗೆ ಮನವರಿಕೆಯಾಗಬೇಕು. ಆ ದೂರಿನ ಪ್ರತಿ ಜೋಪಾನ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ 5 ವರ್ಷಕ್ಕೆ, ಒಬ್ಬರಿಗೆ ಎರಡೇ ಆಯುಧ. ನವೀಕರಣಕ್ಕೂ ಇದೇ ಓಡಾಟ ಇದೆ, ಕಾಗದ ಎಲ್ಲ ಒಂದೇ ಫೈಲಿನಲ್ಲಿಡಿ.

ಹೊಸನಗರದ_ಅಕ್ಕ

ತಮ್ಮಾ, ಇಷ್ಟುದ್ದ ಬರೆದಿದ್ದೀಯ, ಅವಳ ಕೈ ಎಷ್ಟು ದೊಡ್ಡದು ಅಂತ ಒಂದು ಸಾಲೂ ಇಲ್ಲವಲ್ಲ! ನಾನೂ ತೋಟದವಳು. ನಮ್ಮವರು ಹೋದ ಮೇಲೆ .32 ಇಟ್ಟುಕೊಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನಿರ್ಭೀಕ್ 2014ರಲ್ಲಿ ಬಂತು, ಕಾನ್ಪುರದ್ದು. ಆಗಲೇ 1.22 ಲಕ್ಷ. ಮರೂನ್ ಬಣ್ಣದ ಒಡವೆ ಪೆಟ್ಟಿಗೆಯಲ್ಲಿ ಇಟ್ಟು ಕೊಡುತ್ತಿದ್ದರು. ಹೆಂಗಸರು ಅಂದ ಕೂಡಲೇ ಒಡವೆ ಪೆಟ್ಟಿಗೆ ನೆನಪಾಯಿತು ನೋಡು ಅವರಿಗೆ. ಇರಲಿ. ಹಗುರ ಅನ್ನುವುದು ಹೊರಲಿಕ್ಕೆ ಸುಖ, ಹೊಡೆಯುವಾಗ ಅಲ್ಲ. .32ರ ಒದೆತ ದೊಡ್ಡದೇನಲ್ಲ, ಆದರೆ ಆಯುಧ ಹಗುರಾದಷ್ಟೂ ಅದು ಕೈಗೆ ಜಾಸ್ತಿ ಬಡಿಯುತ್ತದೆ. 2023ರಲ್ಲಿ ಬಂದ ಪ್ರಬಲ್ ಅದಕ್ಕಿಂತ ಸ್ವಲ್ಪ ಭಾರ. ಅದರ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ನಿರ್ಭೀಕ್ ನಿಮ್ಮ ಮನೆ ಕೋವಿಯ ಹಾಗೆ ನಡು ಮುರಿದು ತೆರೆಯುತ್ತದೆ. ಎರಡನ್ನೂ ಅವಳು ಕೈಯಲ್ಲಿ ಹಿಡಿದು ನೋಡಲಿ.

ಅಂಗಡಿಯಲ್ಲಿ ಮೊದಲು ತೆರೆದು ಖಾಲಿ ಇದೆಯಾ ಅಂತ ಅವಳೇ ನೋಡಬೇಕು. ಅಂಗಡಿಯವನು ನೋಡಿ ಹೇಳಿದ್ದು ಲೆಕ್ಕಕ್ಕಿಲ್ಲ. ಆಮೇಲೆ ತೋರುಬೆರಳು ಟ್ರಿಗರಿಗೆ ಸರಿಯಾಗಿ ಎಟಕುತ್ತದಾ ನೋಡಲಿ. ಹಿಡಿತ ಬದಲಿಸಿದರೆ ಮಾತ್ರ ಎಟಕುತ್ತದೆ ಅಂದರೆ ಅದು ಅವಳದ್ದಲ್ಲ. ನಂತರ ಕುದುರೆಯನ್ನು (ಹಿಂಬದಿಯ ಸುತ್ತಿಗೆಯಂಥ ಭಾಗ) ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯದೆ, ಬರೀ ಟ್ರಿಗರ್ ಒತ್ತಲಿ, ಆರು ಸಲ, ನಿಲ್ಲಿಸದೆ. ಕುದುರೆ ಎಳೆದು ಒತ್ತಿದರೆ ಎಲ್ಲವೂ ಹಗುರವೇ, ಅಂಗಡಿಯಲ್ಲಿ ಹಾಗೆಯೇ ತೋರಿಸುತ್ತಾರೆ. ಎಳೆಯದೆ ಒತ್ತುವಾಗ ಬಿಗಿ ಗೊತ್ತಾಗುತ್ತದೆ. ನಾಲ್ಕನೆಯದಕ್ಕೇ ನಳಿಗೆಯ ತುದಿ ಅಲ್ಲಾಡಲು ಶುರುವಾದರೆ ಬೇರೆ ನೋಡಬೇಕು. ಪಿಸ್ತೂಲು ಬೇಕು ಅಂದರೆ ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆಯುವುದು ಇನ್ನೊಂದು ಪರೀಕ್ಷೆ. .32 ಪಿಸ್ತೂಲಿನ ಸ್ಪ್ರಿಂಗ್ ಗಟ್ಟಿ. ಒಣಗಿದ ಕೈಯಲ್ಲಿ ಬಂದೀತು, ಒದ್ದೆ ಕೈಯಲ್ಲೂ ಎಳೆದು ನೋಡಲಿ. ನಮ್ಮ ಊರಲ್ಲಿ ವರ್ಷದ ಅರ್ಧ ಕೈ ಒದ್ದೆಯೇ ಅಲ್ವಾ.

ಅಡಗಿಸಿ ಒಯ್ಯುವುದು ನಮ್ಮ ಇಷ್ಟ ಅಲ್ಲ, 2016ರ ಶಸ್ತ್ರಾಸ್ತ್ರ ನಿಯಮವೇ ಹಾಗಿದೆ. ಹೊರಗೆ ಒಯ್ಯುವಾಗ ಹೋಲ್‌ಸ್ಟರಿನಲ್ಲೋ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ತನ್ನ ಕೈಹಿಡಿತದಲ್ಲಿರಬೇಕು. ಸ್ಕೂಟಿ ಡಿಕ್ಕಿಯಲ್ಲಿ ಹಾಕಿ ಬ್ಯಾಂಕಿನೊಳಗೆ ಹೋಗುವ ಹಾಗಿಲ್ಲ. ಚೂಡಿದಾರದ ಲಾಡಿಗೆ ಹೋಲ್‌ಸ್ಟರ್ ನಿಲ್ಲುವುದಿಲ್ಲ, ಭಾರಕ್ಕೆ ಜಾರುತ್ತದೆ. ಒಳಗೆ ಅಗಲ ಬೆಲ್ಟ್ ಬೇಕು, ಇಲ್ಲ ಅಡ್ಡ ಹಾಕುವ ಚೀಲ ಬೇಕು. ಚೀಲವಾದರೆ ರಿವಾಲ್ವರಿಗೇ ಬೇರೆ ಅರೆ (ಖಾನೆ). ಆ ಅರೆಯಲ್ಲಿ ಕೀಲಿಕೈ, ಪೆನ್ನು, ಬಾಚಣಿಗೆ ಏನೂ ಕೂಡದು. ಅರೆಯೊಳಗೂ ಟ್ರಿಗರ್ ಮುಚ್ಚುವ ಗಟ್ಟಿ ಹೊದಿಕೆ ಇರಲೇಬೇಕು.

ಬಯಲುಸೀಮೆಯವರು ಹೇಳದ ಒಂದು ವಿಷಯ ಇದೆ: ಮಳೆ. ಚರ್ಮದ ಹೋಲ್‌ಸ್ಟರ್ ಆಷಾಢದಲ್ಲಿ ಬೂಷ್ಟು ಹಿಡಿದು ಬೆಳ್ಳಗಾಗುತ್ತದೆ. ತೋಟಾಗಳನ್ನು (ಗುಂಡುಗಳನ್ನು) ಚರ್ಮದೊಳಗೇ ಬಿಟ್ಟರೆ ಹಿತ್ತಾಳೆ ಹಸಿರು ಕಿಲುಬು ಕಟ್ಟುತ್ತದೆ, ಆಮೇಲೆ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ನೈಲಾನಿನದ್ದೋ ಗಟ್ಟಿ ಪ್ಲಾಸ್ಟಿಕ್ಕಿನದ್ದೋ ತಗೊಳ್ಳಿ. ಮನೆಗೆ ಬಂದ ಕೂಡಲೇ ಹೊದಿಕೆಯಿಂದ ತೆಗೆದು ಒರೆಸಿ, ತೆಳ್ಳಗೆ ಗನ್ ಆಯಿಲ್. ತೆಂಗಿನೆಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ.

ತೋಟಾ ದುಬಾರಿ. ಲೈಸೆನ್ಸಿನಲ್ಲಿ ಬರೆದಷ್ಟೇ ಸಿಗುವುದು, ಅದಕ್ಕೂ ಲೆಕ್ಕ. ಹಾಗಾಗಿ ಮನೆಯಲ್ಲಿ ಡಮ್ಮಿ ತೋಟಾ ಹಾಕಿ, ಖಾಲಿ ಗೋಡೆಗೆ ಗುರಿ ಹಿಡಿದು ಟ್ರಿಗರ್ ಅಭ್ಯಾಸ ಮಾಡಲಿ. ಅಸಲಿ ತೋಟಾ ಆ ಕೋಣೆಯಲ್ಲೇ ಇರಬಾರದು.

ಮಂಡಿ_ಹುಡುಗ

ಬೇಜಾರಾಗಬೇಡಿ, ಒಂದು ಮಾತು. ದುಡ್ಡೇ ಒಯ್ಯದಿದ್ದರೆ ರಿವಾಲ್ವರ್ ಯಾಕೆ? ತೋಟ ಚೇಣಿಗೆ ಕೊಡಿ, ಅಂದರೆ ಫಸಲನ್ನು ಗುತ್ತಿಗೆಗೆ, ದುಡ್ಡು ಖಾತೆಗೇ ಬರುತ್ತದೆ. ಕೂಲಿಯವರಿಗೂ ಫೋನ್‌ಪೇ ಮಾಡಿ. ಸುಮ್ನೆ ಲಕ್ಷಗಟ್ಟಲೆ ಯಾಕೆ ಸುರಿಯುತ್ತೀರಿ?

ತೋಟದಮನೆ_ತೀರ್ಥಹಳ್ಳಿ

ಎಲ್ಲವನ್ನೂ ಅವಳಿಗೆ ಓದಿಸಿದೆ. ಮಂಡಿ ತಮ್ಮನಿಗೆ ಅವಳ ಉತ್ತರ: "ಅಡಿಕೆ ಕೊನೆ ಇಳಿಸುವ ಕೊನೆಗಾರನ ಹತ್ತಿರ ಇರುವುದು ಬಟನ್ ಫೋನು. ಮನೆಗೆ ಸಿಗ್ನಲ್ಲೂ ಇಲ್ಲ. ಫೋನ್‌ಪೇ ಮರ ಹತ್ತಿ ಮಾಡಲಾ?" ಆದರೆ ಚೇಣಿ ವಿಷಯ ಯೋಚಿಸಬಹುದು ಅಂದಳು. ಅಂಗಡಿಗೆ ಅವಳೇ ಹೋಗುತ್ತಾಳಂತೆ, ನಾನು ಬರೀ ಡ್ರೈವರ್.

ಅಕ್ಕಾ, ಅವಳದ್ದು ಎರಡು ಪ್ರಶ್ನೆ. ಮಕ್ಕಳಿರುವ ಮನೆಯಲ್ಲಿ ಎಲ್ಲಿಡುವುದು? ಎಲೆಕ್ಷನ್ ಬಂದರೆ ಇದನ್ನೂ ಕೋವಿಯ ಹಾಗೆ ಠೇವಣಿ ಇಡಬೇಕಾ?

ಹೊಸನಗರದ_ಅಕ್ಕ

ಅವಳ ಮೈಮೇಲೆ ಇಲ್ಲದಾಗ ಬೀಗದೊಳಗೆ. ಬಟ್ಟೆ ಬೀರು ಲೆಕ್ಕಕ್ಕಿಲ್ಲ. ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಪೆಟ್ಟಿಗೆ ಮಾಡಿಸಿ, ತೋಟಾಗೆ ಬೇರೆ ಪೆಟ್ಟಿಗೆ, ಬೇರೆ ಕೀಲಿ. ಕೀಲಿ ಅವಳ ಹತ್ತಿರ ಮಾತ್ರ, ನಿನ್ನ ಹತ್ತಿರವೂ ಅಲ್ಲ. ಅದು ಕಾನೂನಿಗೂ ಒಳ್ಳೆಯದು.

ಎಲೆಕ್ಷನ್ನಿಗೆ ಹೌದು, ಕೇಳುತ್ತಾರೆ. 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ನಮ್ಮಲ್ಲಿ ಮತದಾನ ಮೇ 7ಕ್ಕೆ, ಸಂಹಿತೆ ಮುಗಿದದ್ದು ಜೂನ್‌ನಲ್ಲಿ. ಬೆದರಿಕೆ ಇದೆ ಅಂತ ವಿನಾಯಿತಿ ಕೇಳಿ ಅರ್ಜಿ ಕೊಡಬಹುದು, ಸ್ಕ್ರೀನಿಂಗ್ ಕಮಿಟಿ ನೋಡುತ್ತದೆ. ಸಿಗದಿದ್ದರೆ ಆ ತಿಂಗಳುಗಳಲ್ಲಿ ದುಡ್ಡು ತರಲು ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಲಿ. ಒಪ್ಪಿಸುವಾಗ ರಸೀದಿಯಲ್ಲಿ ಆಯುಧದ ನಂಬರ್ ಸರಿ ಬರೆದಿದ್ದಾರಾ ಅಂತ ಅಲ್ಲೇ ನಿಂತು ಓದಲಿ. ಎಣ್ಣೆ ಸ್ವಲ್ಪ ಜಾಸ್ತಿಯೇ ಹಚ್ಚಿ ಕೊಡಿ, ಅಲ್ಲಿ ಯಾರೂ ಒರೆಸುವುದಿಲ್ಲ.