ಕೆಲವರು ಶಾಲೆಗೆ, ಕೆಲವರು ಮನೆಯಿಂದ: ಎರಡನ್ನೂ ಒಟ್ಟಿಗೆ ನಡೆಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು

ನಮ್ಮ ಆಡಳಿತದಡಿ 11 ಶಾಲೆಗಳಿವೆ. 1ರಿಂದ 10ನೇ ತರಗತಿ, ಒಟ್ಟು 4,200 ಮಕ್ಕಳು. ಕೋವಿಡ್‌ನಂಥದ್ದು ಮತ್ತೆ ಬಂದರೆ ಏನು ಮಾಡುತ್ತೀರಿ ಎಂದು ಮಂಡಳಿ ಲಿಖಿತ ಯೋಜನೆ ಕೇಳಿದೆ. ಎಲ್ಲವನ್ನೂ ಮುಚ್ಚುವುದು ಸುಲಭದ ಭಾಗ. ಆಮೇಲೆ ಒಂದಷ್ಟು ಮಕ್ಕಳು ಶಾಲೆಗೆ ಬಂದು ಉಳಿದವರು ಮನೆಯಲ್ಲೇ ಇರುವ ತಿಂಗಳುಗಳಿವೆಯಲ್ಲ, ಅದಕ್ಕೆ ದಾರಿ ಬೇಕು. ನಾಲ್ಕರಲ್ಲಿ ಒಂದು ಪಾಲು ಮನೆಯಲ್ಲಿರುತ್ತದೆ ಎಂದಿಟ್ಟುಕೊಳ್ಳಿ. ಶಿಕ್ಷಕರು ಈಗಿರುವಷ್ಟೇ. ಮೊದಲು ಯಾವುದನ್ನು ತೀರ್ಮಾನಿಸಬೇಕು, ಎಲ್ಲಿ ಕೈಕೊಡುತ್ತದೆ? ದಯವಿಟ್ಟು ಲೆಕ್ಕ ಸಮೇತ ಹೇಳಿ.

ಟೈಮ್‌ಟೇಬಲ್ ಹಾಕುವವರು

ಮೊದಲ ತೀರ್ಮಾನ ಇದು: ಮನೆಯಲ್ಲಿರುವ ಮಕ್ಕಳು ಆಯಾ ಶಾಲೆಯ ಹೊಣೆಯೋ, ನಿಮ್ಮ ಕೇಂದ್ರ ಕಚೇರಿಯ ಹೊಣೆಯೋ? ಶಾಲೆಗೆ ಬಿಟ್ಟರೆ ಏನಾಗುತ್ತದೆ ನೋಡಿ. ತರಗತಿಗೆ 420 ಮಕ್ಕಳು, ಅದರಲ್ಲಿ ಮನೆಯಲ್ಲಿ 105. ಹನ್ನೊಂದು ಶಾಲೆಗೆ ಹಂಚಿದರೆ ಪ್ರತಿ ತರಗತಿಯಲ್ಲಿ ಒಂಬತ್ತೋ ಹತ್ತೋ ಮಕ್ಕಳು ಮನೆಯವರು, 28–29 ಮಕ್ಕಳು ಎದುರಿಗಿರುವವರು. ಒಬ್ಬೊಬ್ಬ ಶಿಕ್ಷಕರೂ ಎರಡೂ ಕಡೆ ಒಟ್ಟಿಗೆ ಪಾಠ ಮಾಡಬೇಕು. ಬೋರ್ಡ್ ಕಡೆ ತಿರುಗಿದರೆ ಮನೆಯವರಿಗೆ ಬೆನ್ನು, ಲ್ಯಾಪ್‌ಟಾಪ್ ನೋಡಿದರೆ ತರಗತಿಯಲ್ಲಿ ಗಲಾಟೆ. ಒಂದು ವಾರ ನಡೆಯುತ್ತದೆ, ಒಂದು ಟರ್ಮ್ ನಡೆಯುವುದಿಲ್ಲ.

ಹನ್ನೊಂದೂ ಶಾಲೆಯ ಮನೆ ಮಕ್ಕಳನ್ನು ತರಗತಿವಾರು ಒಟ್ಟುಗೂಡಿಸಿದರೆ 105 ಮಕ್ಕಳು, ಅಂದರೆ 35ರಂತೆ ಮೂರೇ ಸೆಕ್ಷನ್. ಇದನ್ನೊಂದು 12ನೇ ಶಾಲೆ ಎಂದೇ ತಿಳಿಯಿರಿ. ಅದಕ್ಕೆ ಬೇರೆ ಮುಖ್ಯ ಶಿಕ್ಷಕರು, ಬೇರೆ ಟೈಮ್‌ಟೇಬಲ್, ಬೇರೆ ಹಾಜರಿ ಪುಸ್ತಕ. ಮಗುವಿನ ದಾಖಲಾತಿ ಮಾತ್ರ ಮೂಲ ಶಾಲೆಯಲ್ಲೇ ಇರಲಿ, ಇಲ್ಲವಾದರೆ ವಾಪಸ್ ಬರುವಾಗ ಕಾಗದಪತ್ರದ ರಗಳೆ.

ಕೇಳಿದವರು

ಆದರೆ ಆ ಶಾಲೆಗೆ ಶಿಕ್ಷಕರನ್ನು ಎಲ್ಲಿಂದ ತರುವುದು? ಮಕ್ಕಳು ಕಡಿಮೆಯಾದಷ್ಟು ಶಿಕ್ಷಕರು ಬಿಡುವಾಗುತ್ತಾರೆ ಎಂದು ಮಂಡಳಿಯವರು ಭಾವಿಸಿದ್ದಾರೆ.

ಟೈಮ್‌ಟೇಬಲ್ ಹಾಕುವವರು

ಎಲ್ಲರೂ ಎಡವುವುದು ಅಲ್ಲೇ ಸರ್. 38 ಮಕ್ಕಳಿದ್ದ ತರಗತಿ 29ಕ್ಕೆ ಇಳಿದರೂ ಅದು ಒಂದು ತರಗತಿಯೇ, ಅದಕ್ಕೆ ಒಬ್ಬ ಶಿಕ್ಷಕರು ಬೇಕೇ ಬೇಕು. ಎಲ್ಲ ಶಾಲೆಯಿಂದಲೂ ಸ್ವಲ್ಪ ಸ್ವಲ್ಪ ಮಕ್ಕಳು ಹೋದರೆ ಒಬ್ಬ ಶಿಕ್ಷಕರೂ ಉಳಿತಾಯವಾಗುವುದಿಲ್ಲ. ದೊಡ್ಡ ಶಾಲೆಗಳಲ್ಲಿ ಒಂದೇ ತರಗತಿಗೆ ನಾಲ್ಕು ಸೆಕ್ಷನ್ ಇದ್ದರೆ ಮೂರಕ್ಕೆ ಇಳಿಸಬಹುದು, ಅಷ್ಟೇ. ಹಾಗಾಗಿ 12ನೇ ಶಾಲೆಯ ಬೇಡಿಕೆಯನ್ನೇ ಕುಗ್ಗಿಸಬೇಕು.

1ರಿಂದ 5: ಐದು ತರಗತಿ, ತಲಾ ಮೂರು ಸೆಕ್ಷನ್, ಒಟ್ಟು 15. ಚಿಕ್ಕ ಮಕ್ಕಳು ಪರದೆಯ ಮುಂದೆ ದಿನಕ್ಕೆ ಒಂದೂವರೆ ಗಂಟೆ ಕೂತರೆ ಹೆಚ್ಚು. ಆದ್ದರಿಂದ ಒಬ್ಬ ಶಿಕ್ಷಕಿ ಬೆಳಿಗ್ಗೆ ಒಂದು ಸೆಕ್ಷನ್, ಮಧ್ಯಾಹ್ನ ಇನ್ನೊಂದು ನೋಡಬಹುದು. ಎಂಟು ಜನ ಸಾಕು.

6ರಿಂದ 10: ವಿಷಯವಾರು. ಗಣಿತಕ್ಕೆ ವಾರಕ್ಕೆ ಮೂರು ಪೀರಿಯಡ್ ನೇರ ಪಾಠ, ಉಳಿದದ್ದು ಅಭ್ಯಾಸ ಹಾಳೆ. ಐದು ತರಗತಿ × ಮೂರು ಸೆಕ್ಷನ್ × ಮೂರು = 45 ಪೀರಿಯಡ್. ಒಬ್ಬರಿಗೆ 18 ಕೊಟ್ಟರೆ ಮೂವರು ಬೇಕು, ಅವರಲ್ಲಿ ಒಬ್ಬರಿಗೆ ಅರ್ಧ ಕೆಲಸವೇ ಖಾಲಿ. ಆ ಸಮಯವನ್ನು ಹಾಳೆ ತಿದ್ದಲು, ಫೋನ್ ಮಾಡಲು ಇಟ್ಟುಕೊಳ್ಳಿ. ಮತ್ತೊಂದು ಪೀರಿಯಡ್ ತುರುಕಬೇಡಿ. ಆರೋಗ್ಯದ ಕಾರಣಕ್ಕೆ ಕಟ್ಟಡಕ್ಕೆ ಬರಲಾಗದ ಶಿಕ್ಷಕರನ್ನು ಮೊದಲು ಇಲ್ಲಿಗೆ ಹಾಕಿ, ಆಮೇಲೂ ಜಾಗ ಉಳಿದರೆ ಬೇರೆಯವರು.

ಶಾಲೆಯೋ ಮನೆಯೋ ಎಂಬ ಪೋಷಕರ ಆಯ್ಕೆ ಬದಲಿಸುವ ನಿಯಮ ಎರಡು ಕಡೆಗೂ ಒಂದೇ ಇರಬಾರದು. ಶಾಲೆಯಿಂದ ಮನೆಗೆ ಯಾವ ದಿನ ಬೇಕಾದರೂ ಹೋಗಬಹುದು. ಮನೆಯಿಂದ ಶಾಲೆಗೆ ಮರಳುವುದು ಮಾತ್ರ ಮೊದಲೇ ಸಾರಿದ ದಿನಾಂಕಗಳಲ್ಲಿ, ಆರು ವಾರಕ್ಕೊಮ್ಮೆ. ಇಲ್ಲದಿದ್ದರೆ ಪ್ರತಿ ಸೋಮವಾರ ಸೆಕ್ಷನ್ ಕಲಸಿಹೋಗುತ್ತದೆ.

ಕಚೇರಿ ಕಡೆಯಿಂದ

ಮೇಲಿನದಕ್ಕೆ ಒಂದು ಸೇರ್ಪಡೆ. ಆಯ್ಕೆಯ ಫಾರ್ಮ್ ವಾಪಸ್ ಕೊಡದವರನ್ನು ‘ಶಾಲೆಗೆ ಬರುವವರು’ ಎಂದು ಬರೆದುಕೊಳ್ಳಬೇಡಿ. ಫಾರ್ಮ್ ಆನ್‌ಲೈನ್‌ನಲ್ಲಿದ್ದರೆ, ಉತ್ತರ ಬಾರದ ಮನೆಗಳಲ್ಲಿ ಬಹುಪಾಲು ನೆಟ್ ಇಲ್ಲದ ಮನೆಗಳೇ. ಒಂದು ವಾರ ಕಾದು, ಉಳಿದವರಿಗೆ ಫೋನ್ ಮಾಡಿ, ಅದೂ ಸಿಗದಿದ್ದರೆ ಒಬ್ಬರು ಮನೆಗೆ ಹೋಗಿ ಬರಲಿ.

‘ಮನೆಯಲ್ಲಿ ಮೊಬೈಲ್ ಇದೆಯೇ’ ಎಂಬ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ, ಎಲ್ಲರೂ ಇದೆ ಎನ್ನುತ್ತಾರೆ. ಕೇಳಬೇಕಾದ್ದು ಬೇರೆ: ಬೆಳಿಗ್ಗೆ 9ರಿಂದ 1ರವರೆಗೆ ಆ ಫೋನ್ ಯಾರ ಕೈಯಲ್ಲಿರುತ್ತದೆ, ಅದನ್ನು ಎಷ್ಟು ಮಕ್ಕಳು ಹಂಚಿಕೊಳ್ಳಬೇಕು? ಒಂದು ಫೋನಿಗೆ ಮೂರು ಮಕ್ಕಳಿದ್ದರೆ ಆ ಮೂರು ತರಗತಿಗಳ ನೇರ ಪಾಠ ಒಂದೇ ಹೊತ್ತಿಗೆ ಬೀಳಬಾರದು. 12ನೇ ಶಾಲೆಯ ಟೈಮ್‌ಟೇಬಲ್ ಕೇಂದ್ರದಲ್ಲೇ ಹಾಕುವುದರಿಂದ ಇದು ಸಾಧ್ಯ: 1–3 ಬೆಳಿಗ್ಗೆ, 4–5 ಮಧ್ಯಾಹ್ನ, ದೊಡ್ಡವರು ಸಂಜೆಯ ಮುಂಚೆ, ಹೀಗೆ.

ನೆಟ್‌ವರ್ಕ್ ನೋಡಿಕೊಳ್ಳುವವರು

ಡೇಟಾ ಲೆಕ್ಕ. ಗುಂಪು ವೀಡಿಯೊ ಪಾಠಕ್ಕೆ ಸೆಕೆಂಡಿಗೆ 600 ಕಿಲೋಬಿಟ್ ಎಂದು ಹಿಡಿಯಿರಿ. 40 ನಿಮಿಷಕ್ಕೆ 180 ಎಂಬಿ. ದಿನಕ್ಕೆ ನಾಲ್ಕು ಪಾಠ ಅಂದರೆ 720 ಎಂಬಿ, ತಿಂಗಳಿಗೆ 20 ದಿನಕ್ಕೆ 14.4 ಜಿಬಿ, ಅದೂ ಒಂದು ಮಗುವಿಗೆ. ಮಗು ತನ್ನ ಕ್ಯಾಮೆರಾವನ್ನೂ ಹಾಕಿದರೆ ಹೆಚ್ಚುಕಡಿಮೆ ಇಷ್ಟೇ ಮತ್ತೆ ಮೇಲಕ್ಕೆ ಹೋಗುತ್ತದೆ. ಕ್ಯಾಮೆರಾ ಕಡ್ಡಾಯ ಮಾಡುವ ಮುಖ್ಯ ಶಿಕ್ಷಕರಿಗೆ ಈ ಲೆಕ್ಕ ತೋರಿಸಿ. ಬರೀ ಧ್ವನಿ ಆದರೆ 80 ಕಿಲೋಬಿಟ್, 40 ನಿಮಿಷಕ್ಕೆ 24 ಎಂಬಿ. ಹಾಳೆಯನ್ನು ಮೊದಲೇ ಕೈಗೆ ಕೊಟ್ಟಿದ್ದರೆ ಧ್ವನಿಯ ಪಾಠ ತಕ್ಕಮಟ್ಟಿಗೆ ನಡೆಯುತ್ತದೆ. ಚಿತ್ರ ಹೋಗಿ ಮಾತು ಉಳಿದರೆ ಪಾಠ ಉಳಿಯುತ್ತದೆ, ಮಾತು ಹೋದರೆ ಏನೂ ಇಲ್ಲ.

12ನೇ ಶಾಲೆಯ ಶಿಕ್ಷಕರನ್ನು ಒಂದೇ ಕಟ್ಟಡದಲ್ಲಿ ಕೂರಿಸುವುದಾದರೆ ಅಪ್‌ಲೋಡ್ ವೇಗ ನೋಡಿ. ಜಾಹೀರಾತಿನ ದೊಡ್ಡ ಅಂಕಿ ಡೌನ್‌ಲೋಡ್‌ನದ್ದು, ಅಪ್‌ಲೋಡ್ ಅದರ ಹತ್ತನೇ ಒಂದಿರುವ ಸಂಪರ್ಕಗಳೂ ಇವೆ. 15 ಜನ ಒಟ್ಟಿಗೆ ಪಾಠ ಮಾಡಿದರೆ ತಲಾ 3 ಎಂಬಿಪಿಎಸ್‌ನಂತೆ (ಸೆಕೆಂಡಿಗೆ ಮೆಗಾಬಿಟ್) 45 ಎಂಬಿಪಿಎಸ್ ಅಪ್‌ಲೋಡ್ ಬೇಕು. ವೈಫೈ ಬೇಡ, ಕೇಬಲ್ ಎಳೆಯಿರಿ. ಪರೀಕ್ಷೆ ಮಾಡುವಾಗ ಒಂದು ಕೊಠಡಿಯಿಂದ ನೋಡಿ ಸರಿ ಇದೆ ಎನ್ನಬೇಡಿ, ಹದಿನೈದೂ ಕೊಠಡಿಯಲ್ಲಿ ಒಂದೇ ಸಲ ಅರ್ಧ ಗಂಟೆ ಓಡಿಸಿ.

ಟ್ಯಾಬ್ ಹಂಚುವುದಾದರೆ ಹತ್ತಕ್ಕೆ ಒಂದರಂತೆ ಹೆಚ್ಚುವರಿ ಇಡಿ. ಚಾರ್ಜರ್ ಇನ್ನೂ ಹೆಚ್ಚು ಇಡಿ, ಕಳೆಯುವುದೂ ಕೆಡುವುದೂ ಅದೇ ಮೊದಲು. ಟ್ಯಾಬ್‌ಗೂ ಚಾರ್ಜರ್‌ಗೂ ಒಂದೇ ನಂಬರ್ ಅಂಟಿಸಿ. ಒಂದು ಮಗುವಿಗೆ ಒಂದೇ ಪಾಸ್‌ವರ್ಡ್, ಮುದ್ರಿಸಿದ ಕಾರ್ಡ್‌ನಲ್ಲಿ. ಐದು ಆ್ಯಪ್‌ಗೆ ಐದು ಪಾಸ್‌ವರ್ಡ್ ಕೊಟ್ಟರೆ ಮೊದಲ ವಾರ ಪೂರ್ತಿ ಅದರಲ್ಲೇ ಹೋಗುತ್ತದೆ.

ನೆಟ್ ಇಲ್ಲದ ಕಡೆ: ಅಮೆರಿಕದ ಆಸ್ಟಿನ್, ಸೌತ್ ಬೆಂಡ್ ಶಾಲಾ ಜಿಲ್ಲೆಗಳು (ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳು) 2020ರಲ್ಲಿ ಸುಮ್ಮನೆ ನಿಂತಿದ್ದ ಶಾಲಾ ಬಸ್ಸುಗಳಿಗೆ ವೈಫೈ ರೂಟರ್ ಹಾಕಿ ಬಡಾವಣೆಗಳಲ್ಲಿ ನಿಲ್ಲಿಸಿದವು. ಬಸ್ಸಿನ ಹತ್ತಿರದ ಮನೆಗಳಿಗಷ್ಟೇ ಸಿಗ್ನಲ್ ಮುಟ್ಟುತ್ತದೆ, ಹಾಳೆ ಇಳಿಸಿಕೊಳ್ಳಲು ಸಾಕು, ದಿನವಿಡೀ ಪಾಠಕ್ಕಲ್ಲ. ಲಾಸ್ ಏಂಜಲೀಸ್ ಶಾಲಾ ಜಿಲ್ಲೆ ಅದೇ ವರ್ಷ ಸಾರ್ವಜನಿಕ ಟಿವಿ ವಾಹಿನಿಯ ಜೊತೆ ಸೇರಿ ಪಾಠ ಪ್ರಸಾರ ಮಾಡಿತು. ಟಿವಿ, ರೇಡಿಯೊ ಹಳೆಯದು ಎಂದು ಯೋಜನೆಯಿಂದ ಕೈಬಿಡಬೇಡಿ.

ಪ್ರಾಥಮಿಕ ತರಗತಿಯ ಶಿಕ್ಷಕಿ

12ನೇ ಶಾಲೆ ಸರಿ. ಆದರೆ ಎಲ್ಲರೂ ಮರೆಯುವ ಮೂರನೇ ಗುಂಪೊಂದಿದೆ: ಕ್ವಾರಂಟೈನ್ ಆಗಿ ಐದು, ಹತ್ತು, ಹದಿನಾಲ್ಕು ದಿನ ಮನೆಯಲ್ಲಿರುವ ಮಕ್ಕಳು. ಇವರನ್ನು 12ನೇ ಶಾಲೆಗೆ ಕಳಿಸಿದರೆ ಅಲ್ಲಿನ ಪಾಠ ಬೇರೆಲ್ಲೋ ಇರುತ್ತದೆ, ಹೊಂದಿಕೊಳ್ಳುವಷ್ಟರಲ್ಲಿ ವಾಪಸ್ ಬರುವ ದಿನ. ಇವರಿಗೆ ತಮ್ಮ ತರಗತಿಯ ಪಾಠವನ್ನೇ ಒಮ್ಮುಖವಾಗಿ ಕೇಳಿಸಿ: ಒಂದು ಫೋನ್, ಶಿಕ್ಷಕರ ಕಾಲರಿಗೆ ಒಂದು ಕ್ಲಿಪ್ ಮೈಕ್. ಮಾಸ್ಕ್ ಹಾಕಿದಾಗ ‘ಸ’, ‘ಶ’, ‘ಫ’ದಂಥ ಸದ್ದುಗಳು ಮಂಕಾಗುತ್ತವೆ, ದೂರದ ಲ್ಯಾಪ್‌ಟಾಪ್ ಮೈಕ್ ಅದನ್ನು ಹಿಡಿಯುವುದಿಲ್ಲ. ದುಡ್ಡು ಇದ್ದಷ್ಟರಲ್ಲಿ ಮೊದಲು ಮೈಕ್ ಕೊಳ್ಳಿ, ಕ್ಯಾಮೆರಾ ಆಮೇಲೆ. ಕೊಠಡಿಯಲ್ಲಿ ಎರಡು ಸಾಧನಗಳ ಸ್ಪೀಕರ್, ಮೈಕ್ ಒಟ್ಟಿಗೆ ತೆರೆದಿದ್ದರೆ ಕೀರಲು ಸದ್ದು ಗ್ಯಾರಂಟಿ. ತರಗತಿಯ ಮಗು ಪ್ರಶ್ನೆ ಕೇಳಿದರೆ ಉತ್ತರಿಸುವ ಮುಂಚೆ ಪ್ರಶ್ನೆಯನ್ನು ಶಿಕ್ಷಕರೇ ಮತ್ತೆ ಹೇಳಬೇಕು, ಮನೆಯವರಿಗೆ ಅದು ಕೇಳಿರುವುದಿಲ್ಲ.

ಜೊತೆಗೆ ಪ್ರತಿ ತರಗತಿಗೂ ಐದು ದಿನದ ಹಾಳೆಗಳ ಕಟ್ಟು ಮೊದಲೇ ಸಿದ್ಧವಿರಲಿ. ಮಗು ಮನೆಗೆ ಹೋಗುವ ದಿನವೇ ಅದು ಬ್ಯಾಗ್‌ನಲ್ಲಿರಬೇಕು, ಮರುದಿನ ತಂದು ಕೊಡುವವರು ಯಾರೂ ಇರುವುದಿಲ್ಲ.

ಹಾಜರಿ ಬಗ್ಗೆ: ಲಾಗಿನ್ ಆದದ್ದು ಹಾಜರಿಯಲ್ಲ. ಹೆಸರು ಪರದೆಯ ಮೇಲೆ, ಮಗು ಅಂಗಳದಲ್ಲಿ! ನೇರ ಪಾಠದಲ್ಲಿ ಉತ್ತರ ಕೊಟ್ಟದ್ದು, ಹಾಳೆ ಒಪ್ಪಿಸಿದ್ದು, ಫೋನ್‌ನಲ್ಲಿ ಮಾತಾಡಿದ್ದು, ಈ ಮೂರರಲ್ಲಿ ಒಂದಾದರೂ ಇದ್ದರೆ ಹಾಜರಿ. ಎರಡು ದಿನ ಮೂರೂ ಇಲ್ಲದಿದ್ದರೆ ಮೂರನೇ ದಿನ ಫೋನ್. ಯಾರು ಮಾಡಬೇಕೆಂದು ಹೆಸರು ಹಾಕಿ ಬರೆದಿಡಿ. ‘ಶಾಲೆಯವರು ವಿಚಾರಿಸುತ್ತಾರೆ’ ಎಂದು ಬರೆದರೆ ಯಾರೂ ವಿಚಾರಿಸುವುದಿಲ್ಲ.

ಕಟ್ಟಡ ನಿರ್ವಹಣೆಯವರು

ಬೆಂಚು ಒರೆಸುವುದಕ್ಕೆ ಹಾಕುವ ಆಳನ್ನು ಗಾಳಿಗೆ ಹಾಕಿ. ಕೋವಿಡ್ ಮುಖ್ಯವಾಗಿ ಹರಡಿದ್ದು ಉಸಿರಿನಿಂದ. ಮುಂದೆ ಬರುವ ರೋಗ ಬೇರೆ ರೀತಿಯದಿರಬಹುದು, ಆಗ ಆ ಸಾಲು ಬದಲಿಸಿಕೊಳ್ಳಿ. ಉಸಿರಿನದ್ದಾದರೆ ಲೆಕ್ಕ ಹೀಗೆ.

ಕೊಠಡಿ 8 ಮೀ × 6 ಮೀ × 3 ಮೀ ಎಂದರೆ 144 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಬದಲಾಗಬೇಕೆಂದರೆ 720 ಘನ ಮೀಟರ್. ಎದುರುಬದುರು ಕಿಟಕಿ ತೆರೆದಿಡಲು ಆಗುವ ಕಡೆ ಯಂತ್ರವೇ ಬೇಡ. ಆಗದ ಕಡೆ ಗಂಟೆಗೆ 360 ಘನ ಮೀಟರ್ ಶುದ್ಧ ಗಾಳಿ ಕೊಡುವ ಎರಡು ಪ್ಯೂರಿಫೈಯರ್. ಆ 360 ಮಧ್ಯಮ ವೇಗದ ಅಂಕಿಯಾಗಿರಲಿ. ಡಬ್ಬದ ಮೇಲಿರುವುದು ಪೂರ್ಣ ವೇಗದ ಅಂಕಿ. ಆ ವೇಗದ ಸದ್ದಿಗೆ ಶಿಕ್ಷಕರು ಹತ್ತೇ ನಿಮಿಷದಲ್ಲಿ ಆಫ್ ಮಾಡುತ್ತಾರೆ.

ಅಗ್ಗದ ದಾರಿ ಕೋರ್ಸಿ–ರೋಸೆಂಥಾಲ್ ಪೆಟ್ಟಿಗೆ, ನಾವೇ ಕಟ್ಟಿಕೊಳ್ಳಬಹುದಾದ ಪ್ಯೂರಿಫೈಯರ್, 2020ರಲ್ಲಿ ಬಂದದ್ದು. 20 ಇಂಚಿನ ಬಾಕ್ಸ್ ಫ್ಯಾನ್, ನಾಲ್ಕು ಮರ್ವ್-13 ಫಿಲ್ಟರ್ (ಸಣ್ಣ ಕಣಗಳನ್ನೂ ಹಿಡಿಯುವ ದರ್ಜೆ), ರಟ್ಟು, ಅಗಲದ ಟೇಪ್. ನಾಲ್ಕು ಫಿಲ್ಟರ್ ನಾಲ್ಕು ಗೋಡೆ, ರಟ್ಟು ತಳ, ಫ್ಯಾನ್ ಮೇಲ್ಛಾವಣಿ, ಗಾಳಿ ಮೇಲಕ್ಕೆ ಹೊಮ್ಮಬೇಕು. ಫಿಲ್ಟರ್ ಮೇಲಿನ ಬಾಣದ ಗುರುತು ಒಳಮುಖವಾಗಿರಲಿ. ಫ್ಯಾನಿನ ನಾಲ್ಕು ಮೂಲೆಗಳನ್ನು ದುಂಡಗೆ ಕತ್ತರಿಸಿದ ರಟ್ಟಿನಿಂದ ಮುಚ್ಚಿ, ಇಲ್ಲವಾದರೆ ಹೊರಹೋದ ಗಾಳಿ ಮೂಲೆಯಿಂದ ಮತ್ತೆ ಒಳಗೆ ಸೇರುತ್ತದೆ. ಸಂದಿ ಉಳಿದರೆ ಫಿಲ್ಟರ್ ಹಾಕಿದ್ದು ವ್ಯರ್ಥ.

ಗಾಳಿ ಸಾಲುತ್ತಿದೆಯೇ ಎಂದು ತಿಳಿಯಲು ಕಾರ್ಬನ್ ಡೈಆಕ್ಸೈಡ್ ಮೀಟರ್. ಹೊರಗೆ ಸುಮಾರು 420 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಮಕ್ಕಳು ತುಂಬಿದ ಕೊಠಡಿಯಲ್ಲಿ 800ರೊಳಗಿದ್ದರೆ ಚೆನ್ನ. ಪಾಠ ಶುರುವಾಗಿ ಅರ್ಧ ಗಂಟೆಯ ಮೇಲೆ ಓದಿ, ಖಾಲಿ ಕೊಠಡಿಯಲ್ಲಿ ಅಲ್ಲ. ಒಂದು ಮಾತು ನೆನಪಿರಲಿ: ಪ್ಯೂರಿಫೈಯರ್ ಇಟ್ಟರೂ ಈ ಅಂಕಿ ಇಳಿಯದು, ಫಿಲ್ಟರ್ ಕಣ ಹಿಡಿಯುತ್ತದೆ, ಅನಿಲ ಹಿಡಿಯುವುದಿಲ್ಲ.

ಅಂತರದ ಮೇಲೆ ನಿಮ್ಮ ಇಡೀ ಯೋಜನೆ ನಿಂತಿದೆ. ಇದೇ ಕೊಠಡಿಯಲ್ಲಿ ಮುಂದೆ 2 ಮೀಟರ್ ಬಿಟ್ಟರೆ 6 × 6 ಮೀ ಉಳಿಯುತ್ತದೆ. ಆರು ಅಡಿ ಅಂತರಕ್ಕೆ 16 ಮಕ್ಕಳು. ಮೂರು ಅಡಿಗೆ ಕಾಗದದ ಮೇಲೆ 49, ಓಡಾಡಲು ದಾರಿ ಬಿಟ್ಟರೆ ಮೂವತ್ತರ ಆಸುಪಾಸು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಮಾರ್ಚ್ 19ರಂದು ಶಾಲೆಗಳಿಗೆ ಆರು ಅಡಿಯನ್ನು, ಎಲ್ಲರೂ ಮಾಸ್ಕ್ ಹಾಕಿದ ತರಗತಿಗಳ ಮಟ್ಟಿಗೆ, ಮೂರಕ್ಕೆ ಇಳಿಸಿತು. ನಿಮ್ಮ 29 ಮಕ್ಕಳು ಮೂರಡಿಯಲ್ಲಿ ಹಿಡಿಸುತ್ತಾರೆ, ಆರಡಿಯಲ್ಲಿ ಇಲ್ಲ. ಆಗ ಎ–ಬಿ ಗುಂಪು ಮಾಡಿ ದಿನ ಬಿಟ್ಟು ದಿನ ಕರೆಯಬೇಕು. ಎರಡೂ ನಕ್ಷೆ ಬರೆದಿಡಿ.

ಟೈಮ್‌ಟೇಬಲ್ ಹಾಕುವವರು

ಎ–ಬಿ ಮಾಡುವುದಾದರೆ ಗುಂಪು ವಿಂಗಡಿಸುವುದು ಮನೆಯ ಲೆಕ್ಕದಲ್ಲಿ, ಹಾಜರಿ ಸಂಖ್ಯೆಯ ಲೆಕ್ಕದಲ್ಲಿ ಅಲ್ಲ. ಅಕ್ಕ ಎ, ತಮ್ಮ ಬಿ ಆದರೆ ಪೋಷಕರು ಐದೂ ದಿನ ಮನೆಯಲ್ಲಿರಬೇಕು. ಹನ್ನೊಂದೂ ಶಾಲೆಗೆ ಒಂದೇ ಪಟ್ಟಿ ಮಾಡಿ, ಅಣ್ಣ ಹೈಸ್ಕೂಲು ಕಟ್ಟಡದಲ್ಲಿ, ತಂಗಿ ಬೇರೆ ಕಟ್ಟಡದಲ್ಲಿ ಇರಬಹುದು.

ಕೇಳಿದವರು

ತುಂಬ ಉಪಕಾರ. ಕೊನೆಯದೊಂದು: ಮುಚ್ಚುವ ತೀರ್ಮಾನಕ್ಕೆ ಒಂದು ಅಂಕಿ ಇಟ್ಟುಬಿಡೋಣ ಎಂದು ಮಂಡಳಿಯ ಅಭಿಪ್ರಾಯ. ಊರಿನಲ್ಲಿ ಸೋಂಕು ಇಷ್ಟು ಶೇಕಡಾ ಆದರೆ ಎಲ್ಲ ಶಾಲೆ ಬಂದ್.

ಕಚೇರಿ ಕಡೆಯಿಂದ

ಬೇಡ. ನ್ಯೂಯಾರ್ಕ್ ನಗರ ಹಾಗೆ ಮಾಡಿತ್ತು: ನಗರದ ಏಳು ದಿನದ ಸರಾಸರಿ ಪಾಸಿಟಿವಿಟಿ (ಪರೀಕ್ಷೆಗಳಲ್ಲಿ ಸೋಂಕು ಕಂಡವುಗಳ ಪಾಲು) ಶೇ. 3 ಮುಟ್ಟಿದ್ದಕ್ಕೆ 2020ರ ನವೆಂಬರ್ 19ರಿಂದ ಎಲ್ಲ ಶಾಲಾ ಕಟ್ಟಡಗಳನ್ನೂ ಮುಚ್ಚಿತು. ಶಾಲೆಗಳೊಳಗಿನ ಪರೀಕ್ಷೆಗಳಲ್ಲಿ ಸೋಂಕು ಅದಕ್ಕಿಂತ ತುಂಬ ಕಡಿಮೆ ಇತ್ತು. ಮೂರು ವಾರದೊಳಗೆ, ಡಿಸೆಂಬರ್ 7ರಂದು, ಆ ನಿಯಮವನ್ನೇ ಕೈಬಿಟ್ಟು ಚಿಕ್ಕ ಮಕ್ಕಳ ಶಾಲೆ ತೆರೆಯಿತು. ನಡುವೆ ಪೋಷಕರು ಪಟ್ಟ ಪಾಡು ಬೇರೆ.

ಮೆಟ್ಟಿಲಿನಂತೆ ಇಡಿ: ಮೊದಲು ಒಂದು ಸೆಕ್ಷನ್, ಆಮೇಲೆ ಆ ತರಗತಿ, ಆಮೇಲೆ ಆ ಶಾಲೆ. ಹನ್ನೊಂದೂ ಒಟ್ಟಿಗೆ ಎಂಬುದು ಕೊನೆಯ ಮೆಟ್ಟಿಲು. ಸೋಂಕಿನ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಿ ಬರೆಯಿರಿ: ಈ ದಿನ ಶಿಕ್ಷಕರಿಲ್ಲದ ತರಗತಿಗಳು ಎಷ್ಟು. 2022ರ ಜನವರಿಯಲ್ಲಿ ಒಮಿಕ್ರಾನ್ ಬಂದಾಗ ಎಷ್ಟೋ ಶಾಲೆಗಳು ಬಾಗಿಲು ಹಾಕಿದ್ದು ಪಾಠಕ್ಕೆ ಜನರಿಲ್ಲದೆ. ಪ್ರತಿ ಶಾಲೆಯೂ ಬೆಳಿಗ್ಗೆ 6.30ಕ್ಕೆ ಈ ಸಂಖ್ಯೆ ಕಳಿಸಲಿ. ಬದಲಿ ಶಿಕ್ಷಕರ ಪಟ್ಟಿ ಹನ್ನೊಂದು ಶಾಲೆಗೂ ಸೇರಿ ಒಂದೇ ಇರಲಿ, ಶಾಲೆಗೊಂದು ಮಾಡಿದರೆ ಒಂದೇ ಹೆಸರು ಐದು ಪಟ್ಟಿಯಲ್ಲಿ ಸಿಗುತ್ತದೆ.

ಪೋಷಕರಿಗೆ ಹೋಗುವ ಸಂದೇಶ ಈಗಲೇ ಬರೆದಿಡಿ, ಖಾಲಿ ಬಿಟ್ಟ ಜಾಗದಲ್ಲಿ ತರಗತಿ, ದಿನಾಂಕ, ವಾಪಸ್ ಬರುವ ದಿನ ತುಂಬಿದರೆ ಸಾಕು. ಮಗುವಿನ ಹೆಸರು ಬೇಡ, ಸೆಕ್ಷನ್ ಸಾಕು. ಹಿಂದಿನ ಸಂಜೆ 6ರೊಳಗೆ ಹೋಗಬೇಕು. ಹಾಳೆಯ ಕಟ್ಟು ಎಲ್ಲಿ, ಎಷ್ಟು ಹೊತ್ತಿಗೆ ಸಿಗುತ್ತದೆ ಎಂಬುದೂ ಅದೇ ಸಂದೇಶದಲ್ಲಿರಲಿ. ಶಾಲೆಯಲ್ಲಿ ಊಟ ಕೊಡುವ ವ್ಯವಸ್ಥೆ ಇದ್ದರೆ ಎರಡನ್ನೂ ಒಂದೇ ಕಿಟಕಿಯಲ್ಲಿ ಕೊಡಿ. ಊಟಕ್ಕೆ ಬಂದವರು ಹಾಳೆಯನ್ನೂ ಒಯ್ಯುತ್ತಾರೆ, ಬರೀ ಹಾಳೆಗೆಂದು ಬರುವವರು ಕಡಿಮೆ.